ಗೀಸರ್ ಹಾಕಿದರೆ ಇಡೀ ಮನೆ ಕರೆಂಟ್ ಹೋಗುತ್ತದೆ, ಭಾನುವಾರ ನಂದಿ ಬೆಟ್ಟಕ್ಕೆ ನೆಂಟರು

ಕಂದವಾರದಕ್ಕ:
ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕಬಳ್ಳಾಪುರ. ಮೈಸೂರಿನಿಂದ ನಾದಿನಿ ಮನೆಯವರು ಶನಿವಾರ ರಾತ್ರಿ ಬರುತ್ತಿದ್ದಾರೆ. ಭಾನುವಾರ ಬೆಳಗಿನ ಜಾವ ಎಲ್ಲರೂ ನಂದಿ ಬೆಟ್ಟಕ್ಕೆ ಹೋಗೋದು ಅಂತ ಮಾತಾಗಿದೆ. ಈ ಧನುರ್ಮಾಸದ ಚಳಿ ನಿಮಗೆ ಗೊತ್ತಲ್ವಾ, ಬಿಸಿನೀರಿಲ್ಲದೆ ಯಾರನ್ನೂ ಎಬ್ಬಿಸೋಕೆ ಆಗಲ್ಲ.

ಸಮಸ್ಯೆ ಏನಂದರೆ ಈ ವಾರ ಗೀಸರ್ ಹಾಕಿದ ಸ್ವಲ್ಪ ಹೊತ್ತಿಗೆ ಇಡೀ ಮನೆ ಕರೆಂಟ್ ಹೋಗುತ್ತಿದೆ. ಮೀಟರ್ ಪಕ್ಕದ ಬಾಕ್ಸ್‌ನಲ್ಲಿ ಟೆಸ್ಟ್ ಬಟನ್ ಇರುವ ಅಗಲವಾದ ಸ್ವಿಚ್ ಇದೆಯಲ್ಲ, ಅದು ಕೆಳಗೆ ಬಿದ್ದಿರುತ್ತದೆ. ಎತ್ತಿದರೆ ಕರೆಂಟ್ ಬರುತ್ತದೆ. ಗೀಸರ್ ಹಾಕಿದರೆ ಮತ್ತೆ ಅದೇ ಕಥೆ. 15 ಲೀಟರ್ ಗೀಸರ್, ನಮ್ಮದು ಬೋರ್ ನೀರು. ಸರ್ವಿಸ್‌ನವರಿಗೆ ಫೋನ್ ಮಾಡಿದರೆ ಮುಂದಿನ ಬುಧವಾರ ಅಂದರು. ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು ಬಂದು ನೋಡಿ, "ಆ ಸ್ವಿಚ್ಚೇ ಸರಿಯಿಲ್ಲ, ತೆಗೆದು ನೇರ ಲೈನ್ ಕೊಡುತ್ತೇನೆ" ಅಂತಿದ್ದಾರೆ. ಮಾಡಿಸಲಾ?

ಹಾಗೇ ಇನ್ನೊಂದು ಪ್ರಶ್ನೆ. ಭಾನುವಾರ ನಂದಿಗೆ ಹೋಗೋದು ಬುದ್ಧಿವಂತಿಕೆಯಾ? ವಯಸ್ಸಾದವರೂ ಇದ್ದಾರೆ, ಚಿಕ್ಕ ಮಕ್ಕಳೂ ಇದ್ದಾರೆ.

ವೈರ್‌ಮನ್ ತಾತ:
ಮಾಡಿಸಲೇಬೇಡಮ್ಮ. ಆ ಸ್ವಿಚ್ ಸರಿಯಾಗಿ ಕೆಲಸ ಮಾಡುತ್ತಿದೆ, ಅದಕ್ಕೇ ಬೀಳುತ್ತಿದೆ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬರಬೇಕು. ನಡುವೆ ಎಲ್ಲೋ 30 ಮಿಲಿ ಆಂಪಿಯರ್‌ನಷ್ಟು ಸೋರಿದರೂ ಅದು ಕ್ಷಣದಲ್ಲಿ ಲೈನ್ ಕಡಿಯುತ್ತದೆ. ಆ ಸೋರುವ ದಾರಿಯಲ್ಲಿ ಒದ್ದೆ ಮೈಯಲ್ಲಿ ಮಗು ನಿಂತಿರಬಹುದು. ಪಕ್ಕದಲ್ಲಿರುವ ಸಣ್ಣ ಎಂಸಿಬಿಗಳು ಲೋಡ್ ಜಾಸ್ತಿ ಆದಾಗ, ಶಾರ್ಟ್ ಆದಾಗ ಬೀಳುತ್ತವೆ. ಮನುಷ್ಯನಿಗೆ ಶಾಕ್ ಹೊಡೆದರೆ ಅವಕ್ಕೆ ಗೊತ್ತೇ ಆಗಲ್ಲ. ಈ ಅಗಲದ ಸ್ವಿಚ್ ತೆಗೆದು ನೇರ ಕೊಡುತ್ತೇನೆ ಅನ್ನುವವರನ್ನು ಮತ್ತೆ ಮನೆಗೆ ಕರೆಯಬೇಡಿ.

ಹಾಕಿದ ತಕ್ಷಣ ಬೀಳದೆ, ಸ್ವಲ್ಪ ಬಿಸಿಯಾದ ಮೇಲೆ ಬೀಳುತ್ತದೆ ಅಂದರೆ ನನಗೆ ಕಾಯಿಲ್ ಮೇಲೆ ಅನುಮಾನ. ಕಾಯಿಲ್ ಅಂದರೆ ಒಂದು ಲೋಹದ ಕೊಳವೆ. ಅದರೊಳಗೆ ತಂತಿ, ತಂತಿಗೂ ಕೊಳವೆಗೂ ನಡುವೆ ಮೆಗ್ನೀಷಿಯಂ ಆಕ್ಸೈಡ್ ಅನ್ನುವ ಬಿಳಿ ಪುಡಿ. ಆ ಪುಡಿ ಒಣಗಿದ್ದರೆ ಕರೆಂಟ್ ಹೊರಗೆ ಬರಲ್ಲ. ನಮ್ಮ ಕಡೆ ಬೋರ್ ನೀರಿಗೆ ಕೊಳವೆ ಮೇಲೆ ಸುಣ್ಣ ಕಟ್ಟುತ್ತದೆ. ಶಾಖ ನೀರಿಗೆ ಸರಿಯಾಗಿ ಹೋಗಲ್ಲ, ಕೊಳವೆಯೇ ಮಿತಿಮೀರಿ ಕಾದು ಬಿರುಕು ಬಿಡುತ್ತದೆ. ನೀರು ಒಳಗೆ ಇಳಿದು ಪುಡಿ ಒದ್ದೆಯಾದರೆ ಮುಗಿಯಿತು.

ಖಾತ್ರಿ ಮಾಡಿಕೊಳ್ಳೋಕೆ ಗೀಸರ್ ಪ್ಲಗ್ ಕಿತ್ತು ಇಡಿ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು. ಮಾಮೂಲಿ ಸ್ವಿಚ್ ಫೇಸ್ ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಕಡೆಯಿಂದ ಸೋರಿದರೂ ಬೀಳಬಹುದು. ಪ್ಲಗ್ ಕಿತ್ತ ಮೇಲೆ ಬೀಳದಿದ್ದರೆ ಗೀಸರೇ ಕಾರಣ. ಆಗಲೂ ಬಿದ್ದರೆ ಬೇರೆ ಕಡೆ ಹುಡುಕೋಣ.

ಕ್ಯಾತ್ಸಂದ್ರ ಬೈಕು:
ಅಕ್ಕ, ಒಂದು ವಾಟರ್ ಹೀಟರ್ ರಾಡ್ ತಂದುಬಿಡಿ, ಭಾನುವಾರದ ಕೆಲಸ ಆಗುತ್ತದೆ. ಇಲ್ಲಾ ಗ್ಯಾಸ್ ಗೀಸರ್ ಹಾಕಿಸಿ. ಕರೆಂಟ್ ತಾಪತ್ರಯವೇ ಇಲ್ಲ, ನಲ್ಲಿ ತಿರುಗಿಸಿದರೆ ಬಿಸಿನೀರು.

ವೈರ್‌ಮನ್ ತಾತ:
ರಾಡ್ ತರೋದಾದರೆ ಪ್ಲಾಸ್ಟಿಕ್ ಬಕೆಟ್, ಮರದ ಕೋಲಿಗೆ ತಗುಲಿಸಿ ಇಡೋದು, ಗುರುತಿನವರೆಗೆ ನೀರು. ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತ ಮೇಲೇ ನೀರು ಮುಟ್ಟಬೇಕು. ಬಿಸಿಯಾಯಿತಾ ಅಂತ ಬೆರಳು ಅದ್ದಿ ನೋಡುವ ಚಾಳಿ ಎಲ್ಲರಿಗೂ ಇದೆ. ಮನೆ ತುಂಬ ಮಕ್ಕಳು ಓಡಾಡುವಾಗ ರಾಡ್ ಬೇಡ ಅನ್ನೋದೇ ನನ್ನ ಮಾತು.

ಗ್ಯಾಸ್ ಗೀಸರ್ ವಿಷಯ ಇನ್ನೂ ಗಂಭೀರ. ಅದನ್ನು ಬಚ್ಚಲು ಮನೆಯ ಒಳಗೆ ಹಾಕಿ, ಚಳಿ ಅಂತ ಕಿಟಕಿ ಬಾಗಿಲು ಮುಚ್ಚಿಕೊಂಡರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಸುತ್ತು ಬಂತು ಅನ್ನುವಷ್ಟರಲ್ಲಿ ಬಿದ್ದಿರುತ್ತಾರೆ. ಹಾಕಿಸಿದರೆ ಹೊರಗಡೆ, ಗಾಳಿಯಾಡುವ ಕಡೆ ಹಾಕಿಸಿ ಪೈಪ್ ಒಳಗೆ ತನ್ನಿ. ಎರಡು ದಿನದ ಅವಸರಕ್ಕೆ ಮಾಡುವ ಕೆಲಸ ಅಲ್ಲ ಅದು.

ಯಲಹಂಕ ಟ್ರೈನು:
ನಂದಿಗೆ ಹೋಗೋಕೆ ಸ್ನಾನ ಯಾಕೆ ಬೇಕು? ಮುಖ ತೊಳೆದು ಸ್ವೆಟರ್ ಹಾಕಿಕೊಂಡು ಹೊರಡಿ. ವಾಪಸ್ ಬಂದು ಬಿಸಿಲು ಬಿದ್ದ ಮೇಲೆ ತಣ್ಣೀರಿನಲ್ಲೇ ಮಾಡಬಹುದು.

ಕಂದವಾರದಕ್ಕ:
ನಮ್ಮ ಅತ್ತೆ ಹತ್ತಿರ ಬಂದು ಹೇಳಿ ಸಾರ್ ಈ ಮಾತನ್ನ. ಬೆಟ್ಟ ಇಳಿದು ಭೋಗನಂದೀಶ್ವರನ ದರ್ಶನ ಅಂತ ಕಾರ್ಯಕ್ರಮ ಹಾಕಿದ್ದಾರೆ. ಸ್ನಾನ ಆಗದೆ ಹೊಸ್ತಿಲು ದಾಟಲ್ಲ.

ತಾತ, ನೀವು ಹೇಳಿದ ಹಾಗೆ ಪ್ಲಗ್ ಕಿತ್ತಿದ್ದೇವೆ. ಕರೆಂಟ್ ಹೋಗಲಿಲ್ಲ. ಗೀಸರೇ.

ಗುಡಿಬಂಡೆ ಮೇಷ್ಟ್ರು:
ಗೀಸರ್ ವಿಷಯ ತಾತ ನೋಡಿಕೊಳ್ಳುತ್ತಾರೆ. ನಾನು ಬೆಟ್ಟದ ವಿಷಯಕ್ಕೆ ಬರುತ್ತೇನೆ.

ಭಾನುವಾರ ಬೆಳಗಿನ ಜಾವ ನಂದಿ ಅಂದರೆ ಬೆಂಗಳೂರು ಅರ್ಧ ಅಲ್ಲಿರುತ್ತದೆ. ಗೇಟ್ ತೆರೆಯುವ ಮುಂಚೆಯೇ ಕೆಳಗಿನ ತಿರುವುಗಳಲ್ಲಿ ಗಾಡಿ ಸಾಲು. ಸೂರ್ಯೋದಯ ನೋಡಬೇಕು ಅಂತ ಹೊರಟವರು ಬಹಳಷ್ಟು ಸಲ ಮುಂದಿನ ಕಾರಿನ ಹಿಂದಿನ ದೀಪ ನೋಡುತ್ತಾರೆ. ಮೇಲೆ ಹೋದ ಮೇಲೂ ಈ ತಿಂಗಳಲ್ಲಿ ಮಂಜು ದಟ್ಟವಾಗಿದ್ದರೆ ಸೂರ್ಯ ಕಾಣೋದು ಅನುಮಾನ. ಮಂಜು ನೋಡೋಕೆ ಹೋಗುತ್ತೇವೆ ಅಂದುಕೊಂಡರೆ ಬೇಜಾರಾಗಲ್ಲ. 1,478 ಮೀಟರ್ ಎತ್ತರ, ಗಾಳಿ ಬೇರೆ. ವಯಸ್ಸಾದವರಿಗೆ ಕಿವಿ ಮುಚ್ಚುವ ಟೋಪಿ ಮರೆಯಬೇಡಿ. ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿದು ನಡೆಯಬೇಡಿ, ಅಲ್ಲಿನ ಕೋತಿಗಳು ಕೇಳಿ ತೆಗೆದುಕೊಳ್ಳುವ ಜಾತಿ ಅಲ್ಲ. ಮತ್ತೆ ಈ ಭಾನುವಾರ ಹೋಗದೆ ವರ್ಷದ ಕೊನೆಗೆ ಹಾಕಿಕೊಂಡರೆ ಇನ್ನೂ ಕಷ್ಟ. ಡಿಸೆಂಬರ್ 31ರ ರಾತ್ರಿ ಬೆಟ್ಟಕ್ಕೆ ಬಿಡದಿರುವುದು ವಾಡಿಕೆಯಾಗಿದೆ.

ನನ್ನ ಸಲಹೆ ಇಷ್ಟು. ಅತ್ತೆಯವರ ಕಾರ್ಯಕ್ರಮವನ್ನೇ ಮುಂದಕ್ಕೆ ತನ್ನಿ. ಮೊದಲು ನಂದಿ ಗ್ರಾಮದ ದೇವಸ್ಥಾನ. ಬೆಳಗಿನ ಹೊತ್ತು ಅಲ್ಲಿ ಜನ ಇರಲ್ಲ. ಅರುಣಾಚಲೇಶ್ವರ, ಭೋಗನಂದೀಶ್ವರ, ನಡುವೆ ಉಮಾಮಹೇಶ್ವರ. ಆ ನಡುವಿನ ಗುಡಿ ಮುಂದಿನ ಕಲ್ಯಾಣ ಮಂಟಪದ ಕಪ್ಪು ಕಲ್ಲಿನ ಕಂಬಗಳನ್ನು ಹತ್ತಿರದಿಂದ ನೋಡಿ. ಗಿಳಿಗಳು, ಬಳ್ಳಿಗಳು, ಬೆರಳಿನ ಉಗುರಿನಷ್ಟು ಸಣ್ಣ ಕೆತ್ತನೆ. ಆಮೇಲೆ ಕಲ್ಯಾಣಿ, ಅದನ್ನು ಶೃಂಗಿ ತೀರ್ಥ ಅನ್ನುತ್ತಾರೆ. ಮೆಟ್ಟಿಲ ಮೇಲೆ ಕೂತರೆ ಮಕ್ಕಳೂ ಸುಮ್ಮನಾಗುತ್ತಾರೆ. ಒಂಬತ್ತನೇ ಶತಮಾನದಿಂದ ಹಿಡಿದು ವಿಜಯನಗರದವರೆಗೆ ಒಬ್ಬರಾದ ಮೇಲೆ ಒಬ್ಬರು ಕಟ್ಟಿಸಿದ ದೇವಸ್ಥಾನ. ಮೈಸೂರಿನ ನೆಂಟರಿಗೆ ಬೆಟ್ಟಕ್ಕಿಂತ ಇದೇ ಜಾಸ್ತಿ ಇಷ್ಟ ಆಗಬಹುದು. ಅವರೂರಲ್ಲೇ ಬೆಟ್ಟ ಇದೆಯಲ್ಲ.

ಅಲ್ಲಿಂದ ಮುದ್ದೇನಹಳ್ಳಿ ಪಕ್ಕದಲ್ಲೇ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು, ಅವರ ವಸ್ತುಗಳನ್ನು ಇಟ್ಟಿರುವ ಮನೆಯೂ ಸಮಾಧಿಯೂ ಇವೆ. ಕನ್ನಂಬಾಡಿ ನೀರು ಕುಡಿದವರು ಒಮ್ಮೆ ಬರಬೇಕಾದ ಜಾಗ.

ಮೇಲೆ ಹತ್ತಲೇಬೇಕು ಅನ್ನೋ ಹುಡುಗರಿದ್ದರೆ ನಮ್ಮ ಗುಡಿಬಂಡೆಗೆ ಕಳಿಸಿ. ಕೋಟೆ ಹತ್ತೋಕೆ ಮೆಟ್ಟಿಲಿದೆ, ಬಂಡೆಯ ಮೇಲೆ ಮಳೆನೀರು ನಿಲ್ಲುವ ದೊಣೆಗಳಿವೆ, ಕೆಳಗೆ ಭೈರಸಾಗರ ಕೆರೆ. ಮೇಲಿಂದ ನೋಡಿದರೆ ಭಾರತದ ಭೂಪಟದ ಹಾಗೆ ಕಾಣುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಕೆರೆಯಲ್ಲಿ ನೀರು ಎಷ್ಟಿದೆ ಅನ್ನೋದರ ಮೇಲೆ ಭೂಪಟ ಬದಲಾಗುತ್ತಿರುತ್ತದೆ, ಅದು ಬೇರೆ ಮಾತು.

ಯಲಹಂಕ ಟ್ರೈನು:
ಪೆರೇಸಂದ್ರ ಹತ್ತಿರದ ಆವಲಬೆಟ್ಟ ಬಿಟ್ಟಿರಿ ಮೇಷ್ಟ್ರೇ. ಅಲ್ಲಿ ಆಚೆ ಚಾಚಿಕೊಂಡಿರುವ ಬಂಡೆ ಮೇಲೆ ನಿಂತು ಫೋಟೊ ತೆಗೆಸಿಕೊಂಡರೆ ಹುಡುಗರಿಗೆ ಖುಷಿ.

ಗುಡಿಬಂಡೆ ಮೇಷ್ಟ್ರು:
ಬೇಕಂತಲೇ ಬಿಟ್ಟೆ. ಬೆಟ್ಟ ಚೆನ್ನಾಗಿದೆ, ಮೇಲಿನ ನರಸಿಂಹ ಸ್ವಾಮಿ ಗುಡಿಯೂ ಚೆನ್ನಾಗಿದೆ. ಆ ಚಾಚಿದ ಬಂಡೆ ಮೇಲೆ ಮಂಜಿನ ಒದ್ದೆಯಲ್ಲಿ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಯೋದು ಯಾಕೆ? ಸ್ಕಂದಗಿರಿಯೂ ಅಷ್ಟೇ, ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡದೆ ಬಿಡಲ್ಲ, ರಾತ್ರಿ ಹತ್ತೋಕೆ ಅನುಮತಿ ಇಲ್ಲ. ವಯಸ್ಸಾದವರ ಜೊತೆ ಹೋಗುವ ಕಡೆ ಅಲ್ಲವೇ ಅಲ್ಲ.

ಚಿಂತಾಮಣಿ ಸೊಸೆ:
ಕೈವಾರ ಹೇಳಿ ಯಾರಾದರೂ! ತಾತಯ್ಯನವರ ಮಠ, ಊಟ, ನೆರಳು. ಮಕ್ಕಳಿಗೆ ಭೀಮ ಬಕಾಸುರನ ಕಥೆ ಹೇಳಿಕೊಂಡು ಹೋಗಬಹುದು. ಹತ್ತಿರದಲ್ಲೇ ಕೈಲಾಸಗಿರಿ, ಬಂಡೆ ಕೊರೆದು ಮಾಡಿದ ಗುಹೆ ಗುಡಿ.

ಮಧ್ಯದಲ್ಲಿ ನನ್ನದೊಂದು ಗೋಳು. ನಾವೂ ಈ ವಾರ ಹೊರಡುವವರೇ. ದಾರಿಗೆ ನಿಪ್ಪಟ್ಟು ಮಾಡೋಣ ಅಂತ ಹುರಿಗಡಲೆ, ಕಡಲೆಬೀಜ ಮಿಕ್ಸಿಗೆ ಹಾಕಿದೆ. ಎರಡು ಸುತ್ತು ಆದ ಮೇಲೆ ನಿಂತೇ ಹೋಯಿತು. ಸದ್ದೇ ಇಲ್ಲ. ಸುಟ್ಟ ವಾಸನೆ ಸ್ವಲ್ಪ ಬಂತು. ಅವರೆಕಾಯಿ ಕಾಲದಲ್ಲಿ ಮಿಕ್ಸಿ ಹೋದರೆ ಮನೆಯಲ್ಲಿ ಸಾರು ಹೇಗೆ ಮಾಡೋದು? ಹಿತಕಿದ ಬೇಳೆ ಸಾರಿಗೆ ಮಸಾಲೆ ನುಣ್ಣಗೆ ಬೇಕು.

ಅಂತರಗಂಗೆ ಹುಡುಗ:
ಅಕ್ಕ, ಮಿಕ್ಸಿ ತಲೆಕೆಳಗು ಮಾಡಿ. ಪ್ಲಗ್ ಕಿತ್ತ ಮೇಲೆ. ತಳದಲ್ಲಿ ಒಂದು ಕೆಂಪು ಬಟನ್ ಇರುತ್ತದೆ, ಕೆಲವಕ್ಕೆ ಕಪ್ಪು. ಲೋಡ್ ಜಾಸ್ತಿ ಆದರೆ ಅದು ಆಚೆ ಬಂದು ಮೋಟಾರ್ ಸುಡದ ಹಾಗೆ ನಿಲ್ಲಿಸುತ್ತದೆ. ಅರ್ಧ ಗಂಟೆ ಆರಲು ಬಿಟ್ಟು ಒತ್ತಿ. ಆಮೇಲೆ ಜಾರ್ ಇಲ್ಲದೆ ಒಂದು ಸಲ ಓಡಿಸಿ ನೋಡಿ. ಜಾರ್ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಬಿಟ್ಟು ಬಿಟ್ಟು ಓಡಿಸಿ. ಕಡಲೆಬೀಜ ಎಣ್ಣೆ ಬಿಟ್ಟು ಬ್ಲೇಡ್ ಕೆಳಗೆ ಅಂಟಿಕೊಳ್ಳುತ್ತದೆ, ಅದಕ್ಕೇ ನಿಂತಿರುತ್ತದೆ.

ಚಿಂತಾಮಣಿ ಸೊಸೆ:
ಇದ್ದೇ ಇತ್ತು ಕೆಂಪು ಬಟನ್! ಇಷ್ಟು ವರ್ಷ ಮಿಕ್ಸಿ ಒರೆಸಿದ್ದೇನೆ, ಕೆಳಗೆ ನೋಡೇ ಇರಲಿಲ್ಲ. ಓಡುತ್ತಿದೆ. ಆದರೆ ಜಾರ್ ಇಟ್ಟರೆ ಮೋಟಾರ್ ಸದ್ದು ಬರುತ್ತದೆ, ಬ್ಲೇಡ್ ಒಂದೊಂದು ಸಲ ತಿರುಗಲ್ಲ. ಅದು ಬೇರೆ ರೋಗವಾ?

ಅಂತರಗಂಗೆ ಹುಡುಗ:
ಮಿಕ್ಸಿ ಮೇಲೆ ಜಾರ್ ಕೂರುವ ಕಡೆ ಕಪ್ಪು ಪ್ಲಾಸ್ಟಿಕ್ ಚಕ್ರ ಇರುತ್ತದೆ, ಕಪ್ಲರ್. ಅದರ ಹಲ್ಲು ಸವೆದಿರಬೇಕು. ಫೋಟೊ ಹಾಕಿ ನೋಡೋಣ. ಸಣ್ಣ ಸಾಮಾನು, ಗಾಬರಿ ಬೇಡ.

ಹೇಗೂ ನೀರಿನ ಮಾತು ಬಂದಿದೆ, ಕೋಲಾರದ ಕಥೆಯನ್ನೂ ಹೇಳುತ್ತೇನೆ. ನಮ್ಮ ಮನೆಯಲ್ಲಿ ಗೀಸರ್‌ಗಿಂತ ವಾಷಿಂಗ್ ಮೆಷಿನ್‌ಗೆ ಪೆಟ್ಟು ಜಾಸ್ತಿ. ಸ್ನೇಹಿತರ ಜೊತೆ ಅಂತರಗಂಗೆ ಹತ್ತಿ ತೇರಹಳ್ಳಿವರೆಗೆ ನಡೆದು, ಗುಹೆಗಳಲ್ಲಿ ತೆವಳಿ ಬಂದ ಬಟ್ಟೆ ಹಾಕಿದರೆ ಮೆಷಿನ್‌ಗೆ ನೀರೇ ಬರುತ್ತಿರಲಿಲ್ಲ. ಗುಂಯ್ ಅನ್ನುತ್ತದೆ, ಎರರ್ ತೋರಿಸಿ ನಿಲ್ಲುತ್ತದೆ. ಬಂದ ಮೆಕ್ಯಾನಿಕ್ ಬೋರ್ಡ್ ಹೋಗಿದೆ ಅಂದು ದೊಡ್ಡ ಲೆಕ್ಕ ಹೇಳಿ ಹೋದರು. ಅಪ್ಪ ಹಿಂದಿನ ನೀರಿನ ಪೈಪ್ ತಿರುಗಿಸಿ ತೆಗೆದರು. ಒಳಗಿನ ಪುಟ್ಟ ಜರಡಿ ಪೂರ್ತಿ ಸುಣ್ಣ, ಮರಳು. ಹಲ್ಲುಜ್ಜುವ ಹಳೇ ಬ್ರಷ್‌ನಲ್ಲಿ ಉಜ್ಜಿ, ನಿಂಬೆ ಉಪ್ಪಿನ ನೀರಿನಲ್ಲಿ ನೆನೆಸಿ ಹಾಕಿದರು. ಅಷ್ಟೇ. ಬೋರ್ಡ್ ಈಗಲೂ ಅದೇ.

ಮುಂಭಾಗ ಬಾಗಿಲಿರುವ ಮೆಷಿನ್ ಆದರೆ ಕೆಳಗಡೆ ಮೂಲೆಯಲ್ಲಿ ಇನ್ನೊಂದು ಸಣ್ಣ ಮುಚ್ಚಳ ಇದೆ. ನೀರು ಹೊರಗೆ ಹೋಗದಿದ್ದರೆ ಅಲ್ಲಿ ನೋಡಿ. ನಮಗೆ ಸಿಕ್ಕಿದ್ದು ಎರಡು ರೂಪಾಯಿ ನಾಣ್ಯ, ಒಂದು ಹೇರ್‌ಪಿನ್, ಅಂತರಗಂಗೆಯ ಕಲ್ಲು. ಬಟ್ಟಲು ಇಟ್ಟುಕೊಂಡು ತೆಗೆಯಿರಿ, ಒಳಗಿನ ನೀರು ಹೊರಗೆ ಬರುತ್ತದೆ.

ಮಧುಗಿರಿ ಬಂಡೆ:
ನಮ್ಮ ಜಿಲ್ಲೆಗಳ ಅರ್ಧ ರಿಪೇರಿ ಖರ್ಚು ನೀರಿನದ್ದೇ. ಕುಡಿಯುವ ನೀರಿಗೆ ಇರುವ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಳ್ಳೆಯದು. ಬೇರೆ ನೀರಿಲ್ಲದಿದ್ದರೆ 600ರವರೆಗೆ ಬಿಡುತ್ತಾರೆ. ಅದು ಮನುಷ್ಯರ ಹೊಟ್ಟೆಗೆ. ಕಾಯಿಲ್‌ಗೆ 600 ಅಂದರೆ ಕಥೆ ಮುಗಿಯಿತು. ಟಿಡಿಎಸ್ ಮೀಟರ್ ಅಂತ ಪೆನ್ ಥರ ಸಿಗುತ್ತದಲ್ಲ, ಅದು ಒಟ್ಟು ಕರಗಿರುವ ಉಪ್ಪನ್ನು ಅಂದಾಜು ಮಾಡುತ್ತದೆ, ಗಡಸುತನವನ್ನೇ ಅಲ್ಲ. ಫ್ಲೋರೈಡ್ ಅಂತೂ ಅದಕ್ಕೆ ತಿಳಿಯೋದೇ ಇಲ್ಲ. ನಮ್ಮ ಕಡೆ ಫ್ಲೋರೈಡ್ ತೊಂದರೆ ಇರೋದರಿಂದ ಪೆನ್ ನಂಬಿ ಕೂರಬೇಡಿ, ನೀರನ್ನು ಒಮ್ಮೆ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ.

ಗೀಸರ್‌ನ ಶಾಖದ ಗುಂಡಿಯನ್ನು ಕೊನೆಗೆ ತಿರುಗಿಸಿ ಇಡೋದು ನಿಲ್ಲಿಸಿ. ನೀರು 60 ಡಿಗ್ರಿ ದಾಟಿದಷ್ಟೂ ಸುಣ್ಣ ಬೇಗ ಕಟ್ಟುತ್ತದೆ. 50, 55ಕ್ಕೆ ಇಟ್ಟರೆ ಸ್ನಾನಕ್ಕೆ ಧಾರಾಳ. ಒಳಗೆ ಮೆಗ್ನೀಷಿಯಂ ಕಡ್ಡಿ ಒಂದಿರುತ್ತದೆ, ಟ್ಯಾಂಕ್‌ಗೆ ತುಕ್ಕು ಹಿಡಿಯುವ ಬದಲು ಅದು ಕರಗುತ್ತದೆ. ನಮ್ಮ ನೀರಿಗೆ ವರ್ಷಕ್ಕೊಮ್ಮೆ ಅದನ್ನು ತೆಗೆಸಿ ನೋಡಬೇಕು. ಈ ಕಡ್ಡಿ ಒಳಗಿದೆ ಅನ್ನೋದೇ ಬಹಳ ಜನಕ್ಕೆ ಗೊತ್ತಿಲ್ಲ. ಮಾರುವವರೂ ಹೇಳಲ್ಲ.

ಯಲಹಂಕ ಟ್ರೈನು:
ಸೋಲಾರ್ ಹಾಕಿಸಿದರೆ ಇದೆಲ್ಲ ತಲೆನೋವೇ ಇಲ್ಲ ಅಲ್ವಾ?

ಮಧುಗಿರಿ ಬಂಡೆ:
ಸುಣ್ಣ ಸೋಲಾರ್‌ಗೂ ಕಟ್ಟುತ್ತದೆ ಸಾರ್. ಗಾಜಿನ ಕೊಳವೆಗಳ ಒಳಗೆ, ಪೈಪ್ ತಿರುವಿನಲ್ಲಿ. ಈಗ ಮಂಜು ಕರಗೋದೇ ತಡ, ಬಿಸಿಲಿನ ಹೊತ್ತೂ ಕಡಿಮೆ. ಹಿಂದಿನ ಸಂಜೆಯೇ ಎಲ್ಲರೂ ಕಾಲು ತೊಳೆಯೋಕೆ, ಪಾತ್ರೆಗೆ ಅಂತ ಬಿಸಿನೀರು ಬಿಟ್ಟರೆ ಬೆಳಿಗ್ಗೆ ಉಗುರು ಬೆಚ್ಚಗೆ ಬರುತ್ತದೆ. ನೆಂಟರು ಬಂದ ಮನೆಯಲ್ಲಿ 100 ಲೀಟರ್ ಟ್ಯಾಂಕ್ ಯಾವ ಮೂಲೆಗೂ ಸಾಲಲ್ಲ. ಆದರೂ ಕರೆಂಟ್ ಉಳಿತಾಯ ನಿಜ. 2000 ವಾಟ್ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಡಿಸೆಂಬರ್, ಜನವರಿಯಲ್ಲಿ ಅಂಚಿನಲ್ಲಿರುವವರು ಮೀಟರ್ ಮೇಲೆ ಒಂದು ಕಣ್ಣಿಡಿ.

ಕಂದವಾರದಕ್ಕ:
ಎಲ್ಲರಿಗೂ ಥ್ಯಾಂಕ್ಸ್. ಶುಕ್ರವಾರ ಸಂಜೆಯ ಸುದ್ದಿ ಹೇಳುತ್ತೇನೆ. ಬಿ.ಬಿ. ರಸ್ತೆಯಲ್ಲಿ ಮೋಟಾರ್ ಕಟ್ಟುವ ಅಂಗಡಿಯವರೊಬ್ಬರು ಬಂದು ಗೀಸರ್ ಇಳಿಸಿದರು. ಮೊದಲು ಮೀಟರ್ ಇಟ್ಟು ಕಾಯಿಲ್‌ಗೂ ಬಾಡಿಗೂ ನಡುವೆ ನೋಡಿದರು, ಸೋರಿಕೆ ಇತ್ತು. ಬಿಚ್ಚಿದರೆ ಕಾಯಿಲ್ ಸುತ್ತ ಹುತ್ತ ಬೆಳೆದ ಹಾಗೆ ಸುಣ್ಣ. ತಳದಿಂದ ಅರ್ಧ ಬಕೆಟ್ ಬಿಳಿ ಚಕ್ಕೆ ಬಂತು. ಮಧುಗಿರಿಯವರು ಹೇಳಿದ ಕಡ್ಡಿ ಕೇಳಿದೆ. ಕಡ್ಡಿಯ ಜಾಗದಲ್ಲಿ ಒಳಗಿನ ಕಬ್ಬಿಣದ ಎಳೆ ಮಾತ್ರ ಉಳಿದಿತ್ತು! ಹೊಸ ಕಾಯಿಲ್, ಗ್ಯಾಸ್ಕೆಟ್, ಕಡ್ಡಿ ಎಲ್ಲ ಹಾಕಿದ್ದಾರೆ. ನೀರು ತುಂಬಿಸಿ, ಬಿಸಿನೀರಿನ ನಲ್ಲಿಯಲ್ಲಿ ನೀರು ಬರೋದನ್ನು ನೋಡಿದ ಮೇಲೇ ಸ್ವಿಚ್ ಹಾಕಿದರು. ಈವರೆಗೆ ಬಿದ್ದಿಲ್ಲ.

ತಾತ, ಅವರು ಅರ್ತ್ ಕೂಡ ಸರಿಯಿಲ್ಲ ಅಂದರು. ಹಿತ್ತಿಲಲ್ಲಿ ಗುಂಡಿ ಇದೆ, ಏನು ಮಾಡಬೇಕು?

ವೈರ್‌ಮನ್ ತಾತ:
ಒಳ್ಳೆ ಕೆಲಸಗಾರ, ಕೈ ಬಿಡಬೇಡಿ ಅವರನ್ನು. ಅರ್ತ್ ಗುಂಡಿಗೆ ಒಂದೆರಡು ಕೊಡ ನೀರು ಹಾಕಿ. ಮಣ್ಣು ಒಣಗಿದರೆ ಕರೆಂಟ್ ನೆಲಕ್ಕೆ ಇಳಿಯಲ್ಲ. ನಮ್ಮದು ಮಳೆ ಕಡಿಮೆ ಇರುವ ಸೀಮೆ, ಬೇಸಿಗೆಯಲ್ಲಂತೂ ವಾರಕ್ಕೊಮ್ಮೆ ಹಾಕಬೇಕು. ಪೈಪ್‌ಗೆ ತಂತಿ ಬಿಗಿದಿರುವ ಬೋಲ್ಟ್ ತುಕ್ಕು ಹಿಡಿದಿದ್ದರೆ ಅವರನ್ನೇ ಕರೆಸಿ ಬಿಚ್ಚಿ ಉಜ್ಜಿಸಿ. ಆ ಅಗಲದ ಸ್ವಿಚ್‌ನ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ. ಒತ್ತಿದರೆ ಬೀಳಬೇಕು. ಬೀಳದಿದ್ದರೆ ಆಗ ಬದಲಾಯಿಸಿ.

ಭಾನುವಾರಕ್ಕೆ ಲೆಕ್ಕ ಹೇಳುತ್ತೇನೆ. 15 ಲೀಟರ್ ನೀರು 40 ಡಿಗ್ರಿ ಏರಲು 2000 ವಾಟ್‌ಗೆ ಇಪ್ಪತ್ತು ನಿಮಿಷದ ಮೇಲೆ ಬೇಕು. ಆ ಬಿಸಿಗೆ ತಣ್ಣೀರು ಬೆರೆಸಿದರೆ ಒಂದು ಸಲಕ್ಕೆ ಇಬ್ಬರಿಗಾಗುತ್ತದೆ. ಎಲ್ಲರೂ ಒಟ್ಟಿಗೆ ಎದ್ದು ಕ್ಯೂ ನಿಂತರೆ ಜಗಳ ಖಂಡಿತ. ದೊಡ್ಡವರ ಸ್ನಾನ ಬೆಳಿಗ್ಗೆ, ಹುಡುಗರದ್ದು ಹಿಂದಿನ ರಾತ್ರಿಯೇ ಮುಗಿಸಿ.

ಕ್ಯಾತ್ಸಂದ್ರ ಬೈಕು:
ವಾರಂಟಿ ಇತ್ತಾ ಅಕ್ಕ? ಹೊರಗಿನವರ ಕೈಲಿ ಬಿಚ್ಚಿಸಿದರೆ ಹೋಗುತ್ತದೆ ಅಂತಾರಲ್ಲ.

ಕಂದವಾರದಕ್ಕ:
ಟ್ಯಾಂಕ್‌ಗೆ ಮಾತ್ರ ಉಳಿದಿದೆಯಂತೆ, ಕಾಯಿಲ್‌ಗೆ ಮುಗಿದು ಬಹಳ ಕಾಲ ಆಯಿತು. ಫೋನಿನಲ್ಲಿ ಆ ಹುಡುಗಿ "ಬೋರ್ ನೀರಾದರೆ ವಾರಂಟಿ ಬರಲ್ಲ ಮೇಡಂ" ಅಂತ ಬೇರೆ ಹೇಳಿದಳು. ಈ ಮೂರು ಜಿಲ್ಲೆಯಲ್ಲಿ ಬೋರ್ ಬಿಟ್ಟು ಯಾವ ನೀರಿದೆ, ಎತ್ತಿನಹೊಳೆಯಾ?

ಮಧುಗಿರಿ ಬಂಡೆ:
ಅದನ್ನು ಮಾರುವಾಗ ಹೇಳಿದ್ದರಾ, ಕಾರ್ಡ್‌ನಲ್ಲಿ ಬರೆದಿದೆಯಾ ಅಂತ ನೋಡಿ. ಬರೆಯದ ಷರತ್ತನ್ನು ಆಮೇಲೆ ಬಾಯಲ್ಲಿ ಹೇಳಿದರೆ ಒಪ್ಪಬೇಕಾಗಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 5 ಲಕ್ಷದವರೆಗಿನ ವಸ್ತುವಿಗೆ ಅಲ್ಲಿ ಶುಲ್ಕ ಇಲ್ಲ, ವಕೀಲರೂ ಕಡ್ಡಾಯ ಅಲ್ಲ. ಬಿಲ್ ಮಾತ್ರ ಎತ್ತಿಡಿ. ಆ ಬಿಲ್‌ಗಳ ಅಕ್ಷರ ಎರಡೇ ವರ್ಷಕ್ಕೆ ಮಾಯ ಆಗುತ್ತದೆ, ಕೊಂಡ ದಿನವೇ ಫೋಟೊ ತೆಗೆದಿಡಿ.

ಕಂದವಾರದಕ್ಕ:
ಇನ್ನೊಂದು ಕೇಳಿಬಿಡುತ್ತೇನೆ. ನಾದಿನಿಯವರು ನಂದಿ ಆದ ಮೇಲೆ ತುಮಕೂರು ಕಡೆ ಹೋಗೋಣ, ನೀವೂ ಬನ್ನಿ ಅಂತಿದ್ದಾರೆ. ನಾಲ್ಕೈದು ದಿನ ಮನೆ ಬೀಗ. ಫ್ರಿಜ್ ಆಫ್ ಮಾಡಿ ಹೋಗಲಾ, ಬಿಟ್ಟು ಹೋಗಲಾ? ಮನೆಯವರು ಮೇನ್ ಆಫ್ ಮಾಡು ಅಂತಾರೆ. ಫ್ರೀಜರ್‌ನಲ್ಲಿ ಸುಲಿದಿಟ್ಟ ಅವರೆಕಾಳು ಇದೆ. ಕೂತು ಹಿತಕಿ ಬೆರಳು ಕಪ್ಪಾಗಿದೆ ನನಗೆ.

ಚಿಂತಾಮಣಿ ಸೊಸೆ:
ಅವರೆಕಾಳಿಗೋಸ್ಕರವಾದರೂ ಫ್ರಿಜ್ ಆಫ್ ಮಾಡಬೇಡಿ! ಸೊಗಡು ಹೋದ ಮೇಲೆ ಅದನ್ನು ತಿನ್ನೋದೂ ಒಂದೇ, ಬಿಡೋದೂ ಒಂದೇ.

ವೈರ್‌ಮನ್ ತಾತ:
ನಾಲ್ಕೈದು ದಿನಕ್ಕೆ ಫ್ರಿಜ್ ಆನ್ ಇರಲಿ. ಹಾಲು, ಮೊಸರು, ಸೊಪ್ಪು, ಕೊಯ್ದ ತರಕಾರಿ ಖಾಲಿ ಮಾಡಿ. ಮೇನ್ ಆಫ್ ಮಾಡುವ ಬದಲು ಬಾಕ್ಸ್‌ನಲ್ಲಿ ಫ್ರಿಜ್ ಇರುವ ಲೈನಿನ ಎಂಸಿಬಿ ಒಂದನ್ನು ಬಿಟ್ಟು ಉಳಿದದ್ದು ಇಳಿಸಿ. ಗೀಸರ್, ಟಿವಿ, ವಾಷಿಂಗ್ ಮೆಷಿನ್ ಪ್ಲಗ್ ಕಿತ್ತಿಡಿ. ಗ್ಯಾಸ್ ರೆಗ್ಯುಲೇಟರ್ ಆಫ್. ಮೆಷಿನ್‌ಗೆ ಬರುವ ನೀರಿನ ನಲ್ಲಿಯೂ ಬಂದ್. ಆ ಪೈಪ್ ಬಿಟ್ಟುಕೊಂಡರೆ ಓವರ್‌ಹೆಡ್ ಟ್ಯಾಂಕ್ ಪೂರ್ತಿ ಹಾಲ್‌ಗೆ ಬರುತ್ತದೆ.

ತಿಂಗಳುಗಟ್ಟಲೆ ಹೋಗುವವರಾದರೆ ಲೆಕ್ಕ ಬೇರೆ. ಫ್ರಿಜ್ ಖಾಲಿ ಮಾಡಿ, ಒರೆಸಿ, ಪ್ಲಗ್ ಕಿತ್ತು, ಬಾಗಿಲಿಗೆ ಬಟ್ಟೆ ಸಿಕ್ಕಿಸಿ ಸ್ವಲ್ಪ ತೆರೆದಿಡಬೇಕು. ಮುಚ್ಚಿದರೆ ಬೂಷ್ಟು ಹಿಡಿಯುತ್ತದೆ.

ಮಧ್ಯೆ ಕರೆಂಟ್ ಜಾಸ್ತಿ ಹೊತ್ತು ಹೋಗಿತ್ತಾ ಅಂತ ತಿಳಿಯೋಕೆ ಒಂದು ಉಪಾಯ ಇದೆ. ಸಣ್ಣ ಲೋಟದಲ್ಲಿ ನೀರು ಇಟ್ಟು ಐಸ್ ಮಾಡಿ. ಮೇಲೆ ಒಂದು ನಾಣ್ಯ ಇಟ್ಟು ಫ್ರೀಜರ್‌ನಲ್ಲಿ ಬಿಡಿ. ಬಂದಾಗ ನಾಣ್ಯ ಮೇಲೇ ಇದ್ದರೆ ಸರಿ. ತಳ ಸೇರಿದ್ದರೆ ಐಸ್ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಆಗ ಅವರೆಕಾಳು ಎಸೆಯೋದೇ ಒಳ್ಳೆಯದು, ಎಷ್ಟು ಬೆರಳು ಕಪ್ಪಾಗಿದ್ದರೂ.

ಯುಪಿಎಸ್ ಇದ್ದರೆ ಬ್ಯಾಟರಿ ನೀರಿನ ಮಟ್ಟ ನೋಡಿ, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರ್ ನೀರು, ಆರ್‌ಒ ನೀರು ಎರಡೂ ಬೇಡ.

ಅಂತರಗಂಗೆ ಹುಡುಗ:
ಆರ್‌ಒ ಅಂದ ಮೇಲೆ ಒಂದು ಮಾತು. ವಾಪಸ್ ಬಂದ ದಿನ ಅದರ ಟ್ಯಾಂಕ್‌ನಲ್ಲಿ ನಿಂತ ನೀರು ಕುಡಿಯಬೇಡಿ. ಒಂದು ಸಲ ಪೂರ್ತಿ ಖಾಲಿ ಮಾಡಿ, ಹೊಸದಾಗಿ ತುಂಬಿದ್ದನ್ನು ಕುಡಿಯಿರಿ. ಚೆಲ್ಲುವ ನೀರು ನೆಲ ಒರೆಸೋಕೆ ಆಗುತ್ತದೆ.

ಕ್ಯಾತ್ಸಂದ್ರ ಬೈಕು:
ತುಮಕೂರಿಗೆ ಬರುತ್ತೀರಿ ಅಂದರೆ ಈಗ ನನ್ನ ಸರದಿ. ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಮೇಲೆ ಬನ್ನಿ. ಬೆಳಿಗ್ಗೆ ಬೇಗ ಹೊರಟರೆ ತಿಂಡಿಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ. ಪಕ್ಕದಲ್ಲೇ ಸಿದ್ಧಗಂಗೆ. ಮಧ್ಯಾಹ್ನ ಬಿಸಿಲು ಏರುವ ಮುಂಚೆ ದೇವರಾಯನದುರ್ಗ. ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ. ಮೇಲಿನವರೆಗೆ ಗಾಡಿ ಹೋಗುತ್ತದೆ, ಆಮೇಲೆ ಮೆಟ್ಟಿಲು. ಅತ್ತೆಯವರಿಗೆ ಮೆಟ್ಟಿಲು ಕಷ್ಟ ಅಂದರೆ ಕೆಳಗಿನ ಗುಡಿಯಲ್ಲೇ ಕೂರಬಹುದು. ಇಳಿಯುವಾಗ ನಾಮದ ಚಿಲುಮೆ. ರಾಮ ಬಾಣ ಬಿಟ್ಟು ನೀರು ತೆಗೆದ ಅಂತ ಕಥೆ. ಅಲ್ಲಿ ಜಿಂಕೆಗಳಿವೆ, ಮಕ್ಕಳಿಗೆ ಅಷ್ಟು ಸಾಕು. ಕಾಡಿನ ನಡುವೆ ಒಲೆ ಹೂಡಿ ಅಡುಗೆ ಮಾಡೋದು ಬೇಡ. ಚಳಿಗಾಲ ಮುಗಿಯುತ್ತಾ ಬಂದ ಹಾಗೆ ಹುಲ್ಲು ಒಣಗಿರುತ್ತದೆ.

ಮಧುಗಿರಿ ಬಂಡೆ:
ಒಂದೇ ದಾರಿಯಲ್ಲಿ ಹೋಗಿ ಬರುವ ಬದಲು ವಾಪಸ್ ಬರುವಾಗ ಕೊರಟಗೆರೆ ಮೇಲೆ ಬನ್ನಿ. ಗೊರವನಹಳ್ಳಿ ಲಕ್ಷ್ಮಿ, ಪಕ್ಕದಲ್ಲೇ ತೀತಾ ಜಲಾಶಯ. ಶುಕ್ರವಾರ ಮಾತ್ರ ಜನ ಜಾಸ್ತಿ. ಹುಡುಗರಿಗೆ ದಮ್ಮಿದ್ದರೆ ನಮ್ಮ ಏಕಶಿಲಾ ಬೆಟ್ಟ ಇದೆ. ಬೆಳಿಗ್ಗೆಯೇ ಹತ್ತಬೇಕು. ಬಂಡೆ ಕಾದ ಮೇಲೆ ಮೇಲೆ ನೆರಳು ಸಿಗಲ್ಲ. ಮೇಲಿನ ಹಂತ ಕಡಿದಾಗಿದೆ, ಕಂಬಿ ಹಿಡಿದು ಹತ್ತೋದು. ಚಿಕ್ಕ ಮಕ್ಕಳನ್ನು ಅರ್ಧಕ್ಕೇ ನಿಲ್ಲಿಸಿ. ಅಲ್ಲಿಂದ ಗೌರಿಬಿದನೂರು ಸೇರಿ, ಸ್ವಲ್ಪ ಬಳಸಿದರೆ ವಿದುರಾಶ್ವತ್ಥ. 1938ರ ಏಪ್ರಿಲ್‌ನಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಮೇಲೆ ಗುಂಡು ಹಾರಿಸಿದ ಜಾಗ. ಸ್ಮಾರಕ ಇದೆ, ನೂರಾರು ನಾಗರ ಕಲ್ಲುಗಳೂ ಇವೆ.

ಗುಡಿಬಂಡೆ ಮೇಷ್ಟ್ರು:
ವಿದುರಾಶ್ವತ್ಥ ಹೇಳಿದ್ದು ಒಳ್ಳೆಯದಾಯಿತು. ನಮ್ಮ ಶಾಲೆ ಮಕ್ಕಳಿಗೆ ಜಲಿಯನ್‌ವಾಲಾ ಬಾಗ್ ಗೊತ್ತು, ಪಕ್ಕದ ತಾಲ್ಲೂಕಿನದ್ದು ಗೊತ್ತಿಲ್ಲ.

ಚಿಂತಾಮಣಿ ಸೊಸೆ:
ಕಪ್ಲರ್ ಫೋಟೊ ಹಾಕಿದ್ದೇನೆ ನೋಡಪ್ಪ. ಎರಡು ಹಲ್ಲು ಪೂರ್ತಿ ಸವೆದಿದೆ. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಬರುತ್ತಿಲ್ಲ.

ಅಂತರಗಂಗೆ ಹುಡುಗ:
ಹಲವು ಮಿಕ್ಸಿಗಳಲ್ಲಿ ಅದರ ತಿರುಪು ಉಲ್ಟಾ ಇರುತ್ತದೆ ಅಕ್ಕ. ಬಲಕ್ಕೆ ತಿರುಗಿಸಿ ನೋಡಿ. ಕೆಳಗಿನ ಮೋಟಾರ್ ಜೊತೆಗೇ ತಿರುಗುತ್ತಿದ್ದರೆ ಮಿಕ್ಸಿ ತಲೆಕೆಳಗು ಮಾಡಿ, ತಳದಲ್ಲಿ ಸ್ಕ್ರೂಡ್ರೈವರ್ ಇಡುವ ಗೀರು ಕಾಣುತ್ತದೆಯಾ ನೋಡಿ. ಅಲ್ಲಿ ಒಬ್ಬರು ಹಿಡಿದುಕೊಂಡರೆ ಇನ್ನೊಬ್ಬರು ಬಿಚ್ಚಬಹುದು. ಪ್ಲಗ್ ಕಿತ್ತಿರಲಿ. ಅಂಗಡಿಗೆ ಹಳೆಯದನ್ನೇ ತೆಗೆದುಕೊಂಡು ಹೋಗಿ, ಹಲ್ಲಿನ ಲೆಕ್ಕ ಮಾಡೆಲ್‌ಗೆ ಒಂದೊಂದು ಥರ.

ಚಿಂತಾಮಣಿ ಸೊಸೆ:
ಬಲಕ್ಕೆ ಬಂತು! ನಾಳೆ ಸಂತೆ ದಿನ, ಪೇಟೆಗೆ ಹೋಗೋದೇ ಇದೆ. ಕಂದವಾರದಕ್ಕ, ನೀವು ಕೈವಾರದ ಕಡೆ ಬಂದರೆ ಹೇಳಿ, ನಿಪ್ಪಟ್ಟು ಕಟ್ಟಿ ಕೊಡುತ್ತೇನೆ.